ಮೈಸೂರು ಕುದುರೆ ರೇಸಿಗೆ ಹೊರಡುವವರ ಗಮನಕ್ಕೆ

ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿಯ ಎಲ್ಲ ಸದಸ್ಯರಿಗೂ ನಮಸ್ಕಾರ. ‘ಈ ಕುದುರೆ ಗೆದ್ದೇ ಗೆಲ್ಲುತ್ತದೆ’ ಎನ್ನುವ ‘ಗ್ಯಾರಂಟಿ ಟಿಪ್ಸ್’ ಮೆಸೇಜುಗಳನ್ನು ದಯವಿಟ್ಟು ನಮ್ಮ ಈ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಕುದುರೆಯ ಹೆಸರು ಹಾಕುವುದಾದರೆ ಯಾಕೆ ಅಂತ ಎರಡು ಸಾಲು ಬರೆಯಿರಿ.

ಕಾರಣ ರೇಸ್ ಕಾರ್ಡಿನಲ್ಲೇ (ಆ ದಿನದ ಓಟ, ಕುದುರೆಗಳ ವಿವರ ಇರುವ ಪಟ್ಟಿ) ಸಿಗುತ್ತದೆ. ಕಳೆದ ಸಲ 1200 ಮೀಟರ್ ಗೆದ್ದ ಕುದುರೆ ಅಂದ ತಕ್ಷಣ ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಆದರೆ ಆಗ ಅದು ಹೊತ್ತಿದ್ದ ತೂಕ (ಸವಾರ, ಜೀನು ಸೇರಿ) 53 ಕೆ.ಜಿ., ಈಗ 59 ಆಗಿದ್ದರೆ? ಹ್ಯಾಂಡಿಕ್ಯಾಪ್ ರೇಸಿನಲ್ಲಿ (ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುವ ಓಟ) ಗೆದ್ದ ಕುದುರೆಗೆ ರೇಟಿಂಗ್, ಅಂದರೆ ಅದರ ಸಾಮರ್ಥ್ಯಕ್ಕೆ ಕೊಡುವ ಅಂಕ, ಏರುತ್ತದೆ. ಅದೇ ದರ್ಜೆಯಲ್ಲಿ ಮತ್ತೆ ಓಡಿದರೆ ತೂಕವೂ ಜಾಸ್ತಿ. ಆ 1200 ಮೀಟರ್ ಓಟದಲ್ಲೇ ಹಿಂದಿನಿಂದ ಬಂದು ಕೊನೆಯ 200 ಮೀಟರಿನಲ್ಲಿ ನಾಲ್ಕೈದು ಕುದುರೆ ದಾಟಿ ನಾಲ್ಕನೆಯದಾಗಿ ಬಂದ ಕುದುರೆಯನ್ನು ಯಾರೂ ನೋಡಿರುವುದಿಲ್ಲ. ಅದು ಈಗ ಇನ್ನೂ ಉದ್ದದ, 1400 ಮೀಟರ್ ಓಟದಲ್ಲಿ ಓಡುತ್ತಿದ್ದರೆ ನನ್ನ ಕಣ್ಣು ಅದರ ಮೇಲೆಯೇ. ಹಳೆಯ ಓಟದ ವಿಡಿಯೊ ಸಿಕ್ಕರೆ ತಪ್ಪದೆ ನೋಡಿ.

ನಮ್ಮಲ್ಲಿ ಮಳೆ ಹೊಡೆಯುವ ದಿನಗಳಲ್ಲೇ ಅಲ್ಲೂ ರೇಸ್ ಇರುತ್ತದೆ ಅಲ್ವಾ, ಟ್ರ್ಯಾಕ್ ಮೆತ್ತಗಾಗಬಹುದು. ಒದ್ದೆ ನೆಲದಲ್ಲಿ ಆ ಕುದುರೆ ಹಿಂದೆ ಹೇಗೆ ಓಡಿದೆ ನೋಡಿ. ಜಾಕಿ, ಟ್ರೇನರ್, ಬೆಳಗಿನ ತಾಲೀಮಿನ ಸಮಯ ಆಮೇಲೆ.

ಫೇವರಿಟ್ ಕುದುರೆಗಳು (ಹೆಚ್ಚು ದುಡ್ಡು ಬಿದ್ದಿರುವವು) ಸುಮಾರು ಮೂರರಲ್ಲಿ ಒಂದು ಸಲ ಗೆಲ್ಲುತ್ತವೆ, ಅಷ್ಟೇ. ಹಾಗಾಗಿ ಸಾಲ ಮಾಡಿ, ಕಾಫಿ ಕೊಯ್ಲಿನ ಕೂಲಿಗೆ ಇಟ್ಟ ದುಡ್ಡು ತೆಗೆದು ಯಾರೂ ಆಡಬೇಡಿ. ರೇಸ್ ಕೋರ್ಸಿನ ಹೊರಗೆ ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಗಳ ಫೋನ್ ನಂಬರ್ ಹಾಕಿದರೆ ಆ ಮೆಸೇಜನ್ನು ಕೂಡಲೇ ಅಳಿಸುತ್ತೇನೆ.

– ಅಡ್ಮಿನ್