ಇನ್ನು ಮುಂದೆ ನಿಮ್ಮ ಸ್ಕ್ಯಾನ್ ಸಿಡಿಯಲ್ಲಿ ಚಿತ್ರಗಳು ಮಾತ್ರ: ಗ್ರಾಹಕರಿಗೊಂದು ಪತ್ರ

ಆತ್ಮೀಯರೇ, ನಮಸ್ಕಾರ.

ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಕೇಂದ್ರದಲ್ಲಿ ಸಿ.ಟಿ., ಎಂಆರ್‌ಐ ಅಥವಾ ಎಕ್ಸ್‌ರೇ ಮಾಡಿಸಿಕೊಂಡವರಿಗೆ ಕೊಡುವ ಸಿಡಿಯಲ್ಲಿ ಚಿತ್ರ ತೋರಿಸುವ ಪ್ರೋಗ್ರಾಂ ಇರುವುದಿಲ್ಲ. ಚಿತ್ರಗಳಷ್ಟೇ ಇರುತ್ತವೆ. ಸಿಡಿ ಹಾಕಿದ ಕೂಡಲೇ ತಾನಾಗಿ ಒಂದು ಕಿಟಕಿ ತೆರೆದುಕೊಂಡು ಎಡಗಡೆ ನಿಮ್ಮ ಹೆಸರು, ಬಲಗಡೆ ಕಪ್ಪು ಬಿಳುಪಿನ ಚಿತ್ರ ಬರುತ್ತಿತ್ತಲ್ಲ, ಅದು ಇನ್ನಿಲ್ಲ. ಕಂಪ್ಯೂಟರ್‌ನಲ್ಲಿ ಸಿಡಿ ಡ್ರೈವ್ ಇಲ್ಲದವರು ಕೇಳಿದರೆ ಸಿಡಿಯ ಬದಲು ಪೆನ್‌ಡ್ರೈವ್ ಕೊಡುತ್ತೇವೆ. ರಿಪೋರ್ಟ್ ಮತ್ತು ಫಿಲ್ಮ್ ಹಿಂದಿನಂತೆಯೇ ಸಿಗುತ್ತವೆ.

ಇದ್ದ ಒಂದು ಅನುಕೂಲವನ್ನೂ ಕಿತ್ತುಕೊಂಡರಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೇ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಆ ಪ್ರೋಗ್ರಾಂ ವಿಂಡೋಸ್‌ಗೆಂದು ಬರೆದದ್ದು. ಮ್ಯಾಕ್ ಅಥವಾ ಲಿನಕ್ಸ್ ಬಳಸುವವರಿಗೆ ಅದು ಇದ್ದೂ ಇಲ್ಲದ ಹಾಗೆ. ವಿಂಡೋಸ್ ಇದ್ದವರ ಮನೆಯಲ್ಲೂ ಆಂಟಿವೈರಸ್ ಅಡ್ಡ ಬರುತ್ತದೆ, ಇಲ್ಲವೇ ‘ಇದನ್ನು ತಯಾರಿಸಿದವರು ಯಾರೋ ಗೊತ್ತಿಲ್ಲ’ ಎಂಬ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ಆಗ ಜನ ನಮಗೆ ಫೋನ್ ಮಾಡಿ, ‘ಪರವಾಗಿಲ್ಲ ಅಂತ ಒತ್ತಲಾ?’ ಎಂದು ಕೇಳುತ್ತಾರೆ. ಒತ್ತಿ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಹೊರಗಿನಿಂದ ಬಂದ ಸಿಡಿಯಲ್ಲಿರುವ ಪ್ರೋಗ್ರಾಂ ಓಡಿಸುವ ಅಭ್ಯಾಸವೇ ಒಳ್ಳೆಯದಲ್ಲ, ಆ ಸಿಡಿ ನಮ್ಮದಾದರೂ ಸರಿಯೇ. ಹಲವು ಆಸ್ಪತ್ರೆಗಳ ಕಂಪ್ಯೂಟರ್‌ಗಳು ಅಂಥ ಪ್ರೋಗ್ರಾಂಗಳನ್ನು ತೆರೆಯಲೂ ಬಿಡುವುದಿಲ್ಲ.

ಇನ್ನೊಂದು ಕಾರಣ ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು. ಸಿಡಿಗೆ ಒಮ್ಮೆ ಬರೆದು ಮುಗಿಸಿದ ಮೇಲೆ ಅದರಲ್ಲಿರುವುದನ್ನು ತಿದ್ದಲು ಬರುವುದಿಲ್ಲ. ಚಿತ್ರಗಳ ಮಟ್ಟಿಗೆ ಅದು ಒಳ್ಳೆಯದೇ. ಪ್ರೋಗ್ರಾಂ ಮಟ್ಟಿಗೆ ಅಲ್ಲ. ಅದರಲ್ಲಿ ನಾಳೆ ಏನಾದರೂ ಲೋಪ ಕಂಡುಬಂದರೆ ನಿಮ್ಮ ಬೀರುವಿನಲ್ಲಿರುವ ಸಿಡಿಗೆ ಅಪ್‌ಡೇಟ್ ತಲುಪಿಸುವ ದಾರಿ ಯಾರಿಗೂ ಇಲ್ಲ. ಹತ್ತು ವರ್ಷ ಬಿಟ್ಟು ಹೋಲಿಸಿ ನೋಡಲು ಬೇಕಾಗುವುದು ಚಿತ್ರ. ಅದರ ಜೊತೆಗಿದ್ದ ಪ್ರೋಗ್ರಾಂ ಆ ಹೊತ್ತಿಗೆ ಯಾವ ಕಂಪ್ಯೂಟರ್‌ನಲ್ಲೂ ಏಳದೆ ಹೋಗಬಹುದು.

ಚಿತ್ರಗಳಿಗೆ ಆ ಭಯವಿಲ್ಲ. ಅವು ಡೈಕಾಮ್ ಎಂಬ ಮಾನಕ ರೂಪದಲ್ಲಿವೆ. ಮೊದಲು ಒಂದೊಂದು ಕಂಪನಿಯ ಯಂತ್ರ ತನ್ನದೇ ರೂಪದಲ್ಲಿ ಚಿತ್ರ ಉಳಿಸುತ್ತಿತ್ತು, ಒಂದರದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ ಮತ್ತು ಯಂತ್ರ ತಯಾರಕರ ಸಂಘ ಸೇರಿ 1983ರಲ್ಲಿ ಸಮಿತಿಯೊಂದನ್ನು ಕಟ್ಟಿದವು. ಅದರ ಮೊದಲ ಮಾನಕ ಬಂದದ್ದು 1985ರಲ್ಲಿ. 1993ರ ಆವೃತ್ತಿಯಿಂದ ಅದಕ್ಕೆ ಡೈಕಾಮ್ ಎಂಬ ಹೆಸರಾಯಿತು. ಇವತ್ತು ಜಗತ್ತಿನ ಯಾವ ಆಸ್ಪತ್ರೆಯ ಸ್ಕ್ಯಾನ್ ಯಂತ್ರವಾದರೂ ಇದೇ ರೂಪದಲ್ಲಿ ಚಿತ್ರ ಕೊಡುತ್ತದೆ ಎಂದುಕೊಳ್ಳಬಹುದು. ಹಾಗಾಗಿ ನಿಮ್ಮ ಚಿತ್ರ ನೋಡಲು ನಮ್ಮ ಪ್ರೋಗ್ರಾಂ ಬೇಕೇಬೇಕೆಂದೇನೂ ಇಲ್ಲ, ಎಂದೂ ಇರಲಿಲ್ಲ. ನಿಮಗೆ ಒಗ್ಗುವ ವೀಕ್ಷಕವನ್ನು, ಅಂದರೆ ಚಿತ್ರ ತೋರಿಸುವ ಪ್ರೋಗ್ರಾಂ ಒಂದನ್ನು, ಕಂಪ್ಯೂಟರ್‌ಗೆ ಒಂದು ಸಲ ಹಾಕಿಕೊಂಡರೆ ನಮ್ಮ ಸಿಡಿಯೂ ತೆರೆಯುತ್ತದೆ, ಬೇರೆಯವರು ಕೊಟ್ಟದ್ದೂ ತೆರೆಯುತ್ತದೆ.

ಯಾವುದನ್ನು ಹಾಕಿಕೊಳ್ಳುವುದು? ವೀಸಿಸ್ ಎಂಬುದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮನೆಯಲ್ಲಿ ಯಾವ ಕಂಪ್ಯೂಟರ್ ಇದೆಯೆಂದು ತಿಳಿಯದೆ ಸಲಹೆ ಕೊಡಬೇಕಾದಾಗ ನಾವು ಹೇಳುವುದು ಇದನ್ನೇ. ವಿಂಡೋಸ್‌ಗೆ ಮೈಕ್ರೋಡೈಕಾಮ್ ಇದೆ, ಸ್ವಂತ ಬಳಕೆಗೆ ಉಚಿತ, ಹಗುರ, ಹೊಸಬರಿಗೆ ಸುಲಭ. ರೇಡಿಯಂಟ್ ಇನ್ನೂ ಚುರುಕು, ಆದರೆ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಮೊದಲು ಪರೀಕ್ಷಾರ್ಥ ಬಳಸಿ ನೋಡಬಹುದು. ಮ್ಯಾಕ್‌ನವರು ಹೋರೋಸ್ ಬಳಸುತ್ತಾರೆ. ಯಾವುದನ್ನೇ ಇಳಿಸಿಕೊಳ್ಳಿ, ಅದನ್ನು ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಯನ್ನು ಮುಟ್ಟಬೇಡಿ.

ಈಗ ಸಿಡಿಯೊಳಗೆ ಏನು ಕಾಣುತ್ತದೆ ಎಂಬುದು. ಮೊದಲ ಸಲ ನೋಡಿದವರು ‘ಸಿಡಿ ಖಾಲಿ ಇದೆ’, ‘ಫೈಲ್ ಕೆಟ್ಟಿದೆ’ ಎಂದುಕೊಳ್ಳುವುದು ಇಲ್ಲೇ. ತೆರೆದರೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಡೈಕಾಮ್‌ಡಿರ್ ಎಂಬ ಒಂದು ಫೈಲ್, ಪಕ್ಕದಲ್ಲಿ ಒಂದೋ ಎರಡೋ ಫೋಲ್ಡರ್. ಫೋಲ್ಡರ್‌ನೊಳಗೆ ಇನ್ನಷ್ಟು ಫೋಲ್ಡರ್, ಅವುಗಳೊಳಗೆ ಬರೀ ಅಕ್ಷರ, ಅಂಕಿಗಳ ಹೆಸರಿನ ನೂರಾರು ಫೈಲ್‌ಗಳು. ಚುಕ್ಕಿಯೂ ಇಲ್ಲ, ಚುಕ್ಕಿಯ ನಂತರ ಜೇಪೆಗ್ ಎಂದೋ ಪಿಡಿಎಫ್ ಎಂದೋ ಬರುವ ಬಾಲವೂ ಇಲ್ಲ. ಇದು ನಿಯಮದ ಪ್ರಕಾರವೇ ಇದೆ: ಸಿಡಿಯಲ್ಲಿ ಕೊಡುವ ಡೈಕಾಮ್ ಫೈಲ್‌ನ ಹೆಸರು ಎಂಟು ಅಕ್ಷರ ಮೀರಬಾರದು, ದೊಡ್ಡಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ಇರಬಾರದು. ಡೈಕಾಮ್‌ಡಿರ್ ಎಂಬುದು ಪುಸ್ತಕದ ಪರಿವಿಡಿ ಇದ್ದ ಹಾಗೆ. ಯಾವ ಚಿತ್ರ ಯಾವ ಫೋಲ್ಡರ್‌ನಲ್ಲಿದೆ, ಯಾವುದರ ನಂತರ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಆದ್ದರಿಂದ ಫೈಲ್‌ಗಳ ಹೆಸರು ಬದಲಿಸಬೇಡಿ, ಒಂದೆರಡನ್ನು ಮಾತ್ರ ಆರಿಸಿ ಬೇರೆಡೆ ಇಡಬೇಡಿ.

ಯಾವುದನ್ನೂ ಡಬಲ್ ಕ್ಲಿಕ್ ಮಾಡಲೂ ಹೋಗಬೇಡಿ. ಮಾಡಿದರೆ ವಿಂಡೋಸ್ ‘ಇದನ್ನು ಯಾವುದರಲ್ಲಿ ತೆರೆಯಲಿ?’ ಎಂದು ಕೇಳುತ್ತದೆ, ನೀವು ಪಟ್ಟಿಯಲ್ಲಿ ಏನನ್ನೋ ಆರಿಸುತ್ತೀರಿ, ಅಲ್ಲಿಗೆ ಗೊಂದಲ ಶುರು. ಮೊದಲು ಸಿಡಿಯಲ್ಲಿರುವ ಅಷ್ಟನ್ನೂ ಕಂಪ್ಯೂಟರ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ ಅದಕ್ಕೆ ಕಾಪಿ ಮಾಡಿಕೊಳ್ಳಿ. ಆಮೇಲೆ ವೀಕ್ಷಕವನ್ನು ತೆರೆದು, ಆ ಫೋಲ್ಡರನ್ನು ಮೌಸ್‌ನಿಂದ ಎಳೆದು ಅದರ ಮೇಲೆ ಬಿಡಿ, ಇಲ್ಲವೇ ಫೋಲ್ಡರ್ ತೆರೆಯುವ ಗುಂಡಿ ಒತ್ತಿ ತೋರಿಸಿ. ಕಾಪಿ ಮಾಡದೆ ಸಿಡಿಯಿಂದಲೇ ತೆರೆದರೂ ಚಿತ್ರ ಬರುತ್ತದೆ, ಆದರೆ ಮೌಸ್‌ನ ಚಕ್ರ ತಿರುಗಿಸಿದಾಗಲೆಲ್ಲ ಡ್ರೈವ್ ಗರಗರ ಎನ್ನುತ್ತದೆ, ಚಿತ್ರ ತಡೆದು ತಡೆದು ಬರುತ್ತದೆ. ಸಿ.ಟಿ.ಯ ಒಂದು ಪದರದ ಚಿತ್ರ ಸಾಮಾನ್ಯವಾಗಿ 512 ಅಡ್ಡ, 512 ಉದ್ದ ಬಿಂದುಗಳದ್ದು. ಒಂದೊಂದು ಬಿಂದುವಿಗೆ ಎರಡು ಬೈಟ್ ಎಂದರೆ ಚಿತ್ರವೊಂದಕ್ಕೆ ಸುಮಾರು ಅರ್ಧ ಎಂಬಿ. ನಾನೂರು ಪದರ ಇದ್ದರೆ 200 ಎಂಬಿ ಆಯಿತು. ಒಂದೇ ಸ್ಕ್ಯಾನನ್ನು ಮೂಳೆಗೆ ಒಂದು ಬಗೆ, ಮೆದು ಭಾಗಕ್ಕೆ ಇನ್ನೊಂದು ಬಗೆ, ಅಡ್ಡಕ್ಕೊಂದು ಉದ್ದಕ್ಕೊಂದು ಎಂದು ಮತ್ತೆ ಮತ್ತೆ ಕಟ್ಟಿ ಕೊಡುವುದರಿಂದ ಚಿತ್ರಗಳ ಸಂಖ್ಯೆ ಬೆಳೆಯುತ್ತ ಹೋಗುತ್ತದೆ. 700 ಎಂಬಿಯ ಸಿಡಿಯಲ್ಲಿ ಹಿಡಿಸದಿದ್ದರೆ 4.7 ಜಿಬಿಯ ಡಿವಿಡಿ ಕೊಡುತ್ತೇವೆ. ಕಂಪ್ರೆಸ್ ಮಾಡಿದರೆ ಹಿಡಿಸುತ್ತದೆ ನಿಜ, ಆದರೆ ಕೆಲವು ವೀಕ್ಷಕಗಳಿಗೆ ಅದು ತೆರೆಯಲು ಬರುವುದಿಲ್ಲ. ಅದಕ್ಕೇ ಕಂಪ್ರೆಸ್ ಮಾಡುವುದಿಲ್ಲ.

ಚಿತ್ರ ತೆರೆದ ಮೇಲೆ ಮಾಡಿ ನೋಡಲೇಬೇಕಾದದ್ದು ಒಂದಿದೆ. ಸಿ.ಟಿ.ಯಲ್ಲಿ ಪ್ರತಿ ಬಿಂದುವಿಗೂ ಒಂದು ಅಂಕಿ ಇರುತ್ತದೆ: ನೀರಿಗೆ 0, ಗಾಳಿಗೆ -1000, ಕೊಬ್ಬು ಸೊನ್ನೆಗಿಂತ ಸ್ವಲ್ಪ ಕೆಳಗೆ, ಗಟ್ಟಿ ಮೂಳೆ ಸಾವಿರದ ಆಸುಪಾಸು. ಸಿ.ಟಿ. ಯಂತ್ರ ರೂಪಿಸಿ 1979ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಈ ಅಳತೆಗೆ. ಇಷ್ಟು ದೊಡ್ಡ ಹರವನ್ನು ಒಂದೇ ಸಲಕ್ಕೆ ತೋರಿಸಿದರೆ ಕಣ್ಣಿಗೆ ಎಲ್ಲ ಒಂದೇ ಬೂದಿ ಬಣ್ಣ. ಹಾಗಾಗಿ ವೀಕ್ಷಕ ಒಂದು ಚಿಕ್ಕ ಭಾಗವನ್ನಷ್ಟೇ ಆರಿಸಿ ತೋರಿಸುತ್ತದೆ. ಮಿದುಳನ್ನು ನೋಡುವಾಗ ಸಾಮಾನ್ಯವಾಗಿ 0ಯಿಂದ 80ರವರೆಗೆ. ಅದಕ್ಕಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ. ತಲೆಬುರುಡೆ ಆಗ ಬರೀ ಬಿಳಿ ಬಳೆ. ಪಟ್ಟಿಯಿಂದ ‘ಮೂಳೆ’ ಎಂಬುದನ್ನು ಆರಿಸಿ, ಅದೇ ಬಳೆಯೊಳಗೆ ಮೂಳೆಯ ಪದರಗಳು ಬಿಡಿಬಿಡಿಯಾಗಿ ಮೂಡುತ್ತವೆ, ಮಿದುಳು ಮಸುಕಾಗುತ್ತದೆ. ಫೈಲ್ ಅದೇ, ಬದಲಾದದ್ದು ನೋಟ. ಫಿಲ್ಮ್‌ನಲ್ಲಿ ಇದು ಸಾಧ್ಯವಿಲ್ಲ. ಫಿಲ್ಮ್ ಇದ್ದರೂ ಮೂಲ ಫೈಲ್‌ಗಳನ್ನು ಜೋಪಾನ ಮಾಡಿ ಎಂದು ನಾವು ಹೇಳುವುದು ಇದಕ್ಕೇ.

ತೆರೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬ ವೈದ್ಯರಿಗೆ ಕಳಿಸುವವರು ಕಳೆದುಕೊಳ್ಳುವುದೂ ಇದನ್ನೇ. ಸಾಮಾನ್ಯ ಜೇಪೆಗ್‌ನಲ್ಲಿ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು, ಸಿ.ಟಿ.ಯ ಮೂಲದಲ್ಲಿ 4096. ಮನೆಯವರಿಗೆ ತೋರಿಸಲು ಫೋಟೊ ಸಾಕು. ಎರಡನೆಯ ಅಭಿಪ್ರಾಯ ಕೇಳುವುದಿದ್ದರೆ ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳಿಸಿ.

ಕೌಂಟರ್‌ನಲ್ಲಿ ನಮ್ಮವರಿಗೆ ಹೆಚ್ಚು ಎದುರಾಗುವ ಪ್ರಶ್ನೆ ಬೇರೆಯೇ: ‘ನೋವು ಬಲಗಡೆ, ಚಿತ್ರದಲ್ಲಿ ಎಡಗಡೆ ತೋರಿಸುತ್ತಿದೆ, ಅದಲು ಬದಲಾಗಿದೆಯಾ?’ ಇಲ್ಲ. ಅಡ್ಡ ಪದರದ ಚಿತ್ರವನ್ನು, ಮಲಗಿದವರ ಪಾದದ ಕಡೆ ನಿಂತು ತಲೆಯ ಕಡೆ ನೋಡಿದಂತೆ ತೋರಿಸುವುದು ರೂಢಿ. ನಿಮ್ಮ ಬಲಗಡೆ ತೆರೆಯ ಎಡಕ್ಕೆ ಬರುತ್ತದೆ. ಚಿತ್ರದ ಅಂಚಿನಲ್ಲಿ ನಿಮ್ಮ ಬಲಗಡೆಯ ಗುರುತಾಗಿ ‘ಆರ್’, ನಿಮ್ಮ ಎಡಗಡೆಯ ಗುರುತಾಗಿ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ, ಅದನ್ನು ನಂಬಿ. ಹಾಗೆಯೇ ಎಂಆರ್‌ಐನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಕಾಯಿಲೆಯಲ್ಲ. ಟಿ2 ಎಂಬ ಸರಣಿಯಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವ ಬಿಳಿ, ಟಿ1ರಲ್ಲಿ ಅದೇ ದ್ರವ ಕಪ್ಪು. ಮನೆಯ ತೆರೆಯಲ್ಲಿ ನೋಡಿ ರೋಗ ನಿರ್ಣಯ ಮಾಡಿಕೊಳ್ಳಬೇಡಿ. ಉಚಿತ ವೀಕ್ಷಕಗಳಲ್ಲಿ ಹಲವು ತಾವೇ ಅದಕ್ಕಲ್ಲ ಎಂದು ಹೇಳಿಕೊಳ್ಳುತ್ತವೆ. ಆದರೆ ರಿಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರ ನೋಡುವುದರಲ್ಲಿ ತಪ್ಪೇನಿಲ್ಲ. ವೈದ್ಯರ ಹತ್ತಿರ ಕೇಳಬೇಕಾದ ಪ್ರಶ್ನೆ ಹಾಗೆ ನೋಡಿದವರಿಗೆ ಚೆನ್ನಾಗಿ ಹೊಳೆಯುತ್ತದೆ ಎಂಬುದು ನಮ್ಮ ಅನುಭವ.

ಖಾಸಗಿತನದ ಬಗ್ಗೆ ಒಂದು ಮಾತು. ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡ ಒಂದು ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಮೊದಲ 128 ಬೈಟ್ ಸಾಮಾನ್ಯವಾಗಿ ಖಾಲಿ, ಆಮೇಲೆ ಡಿ, ಐ, ಸಿ, ಎಂ ಎಂಬ ನಾಲ್ಕು ಅಕ್ಷರ. ಡೈಕಾಮ್ ಫೈಲ್‌ನ ಗುರುತೇ ಅದು. ಅದರ ನಂತರದ ಗೋಜಲಿನ ನಡುವೆ ನಿಮ್ಮ ಹೆಸರು, ಹುಟ್ಟಿದ ದಿನ, ಸ್ಕ್ಯಾನ್ ಮಾಡಿದ ದಿನಾಂಕ ಸ್ಪಷ್ಟವಾಗಿ ಓದಲು ಸಿಗುತ್ತವೆ. (ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ, ಸೇವ್ ಮಾಡಿದರೆ ಆ ಫೈಲ್ ಕೆಟ್ಟಿತೆಂದೇ ಲೆಕ್ಕ.) ಫೋಲ್ಡರ್‌ಗೆ ಬೇರೆ ಹೆಸರಿಟ್ಟ ಮಾತ್ರಕ್ಕೆ ಇವು ಅಳಿಸಿ ಹೋಗುವುದಿಲ್ಲ. ಹಾಗಾಗಿ ‘ಇಲ್ಲಿಗೆ ಹಾಕಿ, ಉಚಿತವಾಗಿ ತೋರಿಸುತ್ತೇವೆ’ ಎನ್ನುವ ಗುರುತಿಲ್ಲದ ಜಾಲತಾಣಗಳಿಗೆ ಏರಿಸುವ ಮುನ್ನ ಯೋಚಿಸಿ. ಹೆಸರು ತೆಗೆದ ಪ್ರತಿ ಮಾಡಿಕೊಡುವ ಸೌಲಭ್ಯ ಹಲವು ವೀಕ್ಷಕಗಳಲ್ಲಿದೆ. ಸಿಡಿಗೆ ಪಾಸ್‌ವರ್ಡ್ ಹಾಕಿಕೊಡಿ ಎಂದು ಕೆಲವರು ಕೇಳುತ್ತಾರೆ. ನಾವು ಹಾಕುವುದಿಲ್ಲ. ತುರ್ತಾಗಿ ಬೇರೆ ಆಸ್ಪತ್ರೆಗೆ ಸೇರಿದಾಗ ಅಲ್ಲಿಯವರು ನಿಮ್ಮನ್ನು ಎಬ್ಬಿಸಿ ಪಾಸ್‌ವರ್ಡ್ ಕೇಳುವಂತಾಗಬಾರದು. ಬದಲಿಗೆ ಸಿಡಿಯನ್ನು ರಿಪೋರ್ಟಿನಷ್ಟೇ ಜೋಪಾನವಾಗಿಡಿ, ಬೇಡವಾದಾಗ ಮುರಿದು ಎಸೆಯಿರಿ.

ಬರೆಯಬಹುದಾದ ಸಿಡಿಯಲ್ಲಿ ಮಾಹಿತಿ ಕೂರುವುದು ಬಣ್ಣದ ಒಂದು ತೆಳು ಪದರದ ಮೇಲೆ. ಬಿಸಿಲು, ಸೆಕೆ ಅದಕ್ಕೆ ಆಗುವುದಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಮನೆಗೆ ತಂದ ದಿನವೇ ಕಂಪ್ಯೂಟರ್‌ಗೆ ಒಂದು ಪ್ರತಿ, ಇನ್ನೊಂದು ಡ್ರೈವ್‌ಗೆ ಒಂದು ಪ್ರತಿ ಮಾಡಿಟ್ಟರೆ ಒಳ್ಳೆಯದು.

ಪೆನ್‌ಡ್ರೈವ್ ಬೇಕಾದವರು ಸ್ಕ್ಯಾನ್‌ಗೆ ಹೆಸರು ಬರೆಸುವಾಗಲೇ ಹೇಳಿ. ಹೊಸದನ್ನು ನಾವೇ ಕೊಡುತ್ತೇವೆ, ಅದರ ಬೆಲೆ ಮಾತ್ರ ಪ್ರತ್ಯೇಕ. ನೀವು ತಂದ ಪೆನ್‌ಡ್ರೈವನ್ನು ನಮ್ಮ ಯಂತ್ರಗಳಿಗೆ ಹಾಕುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಒಂದು ವೈರಸ್ ಒಳಗೆ ಬಂದರೆ ಅಂದಿನ ಸ್ಕ್ಯಾನ್‌ಗಳೆಲ್ಲ ನಿಲ್ಲುತ್ತವೆ.

ನಮ್ಮಿಂದ ಹಿಂದೆ ಪಡೆದ ಸಿಡಿಗಳನ್ನು ಬದಲಿಸಿಕೊಳ್ಳಬೇಕಿಲ್ಲ. ಅವುಗಳಲ್ಲಿರುವ ಚಿತ್ರಗಳೂ ಡೈಕಾಮ್ ರೂಪದವೇ. ಹಳೆಯ ಪ್ರೋಗ್ರಾಂ ಏಳದಿದ್ದರೆ ಅದನ್ನು ಬಿಟ್ಟು, ಮೇಲೆ ಹೇಳಿದ ಯಾವುದಾದರೂ ವೀಕ್ಷಕದಲ್ಲಿ ಫೋಲ್ಡರ್ ತೆರೆದರಾಯಿತು. ವೈದ್ಯರಿಗೆ ಕೊಡಲೆಂದಷ್ಟೇ ಸಿಡಿ ಪಡೆಯುವವರು ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ಸಿಡಿಯನ್ನು ಹಾಗೆಯೇ ಒಯ್ದು ಕೊಡಿ. ಮನೆಯಲ್ಲಿ ನೋಡಲು ಹೋಗಿ ತೊಡಕಾದರೆ ಕೆಲಸದ ವೇಳೆಯಲ್ಲಿ ಕೌಂಟರ್‌ಗೆ ಫೋನ್ ಮಾಡಿ. ತೆರೆಯ ಮೇಲೆ ಯಾವ ಸಂದೇಶ ಬಂತೆಂಬುದನ್ನು ಬರೆದಿಟ್ಟುಕೊಂಡಿದ್ದರೆ ಪರಿಹಾರ ಬೇಗ ಸಿಗುತ್ತದೆ. ಹಾಳೆಯ ಮೇಲೆ ಅಚ್ಚಾದ ಚಿಕ್ಕ ಸೂಚನೆಯೊಂದನ್ನು ಪ್ರತಿ ಸಿಡಿ, ಪೆನ್‌ಡ್ರೈವ್ ಜೊತೆ ಇಡುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಕೇಂದ್ರದ ಎಲ್ಲ ಸಿಬ್ಬಂದಿಯ ಪರವಾಗಿ