ಉಳಿದ ಮಾತ್ರೆಗಳ ಡಬ್ಬ ತೆಗೆಯುತ್ತಿದ್ದೇವೆ, ಎರಡು ಸಂಜೆಯ ವ್ಯವಸ್ಥೆಯೂ ಬದಲಾಗುತ್ತಿದೆ

ಮಾನ್ಯ ಗ್ರಾಹಕರೇ, ಸಂಘದ ಸದಸ್ಯರೇ,

‘ಮನೆಯಲ್ಲಿ ಉಳಿದ ಔಷಧ ಇಲ್ಲಿ ಹಾಕಿ, ಬಡವರಿಗೆ ತಲುಪಿಸುತ್ತೇವೆ’ ಎಂದು ಬರೆದು ನಮ್ಮ ಔಷಧ ಮಳಿಗೆಯ ಕೌಂಟರ್ ಪಕ್ಕ ಇಟ್ಟಿದ್ದ ಡಬ್ಬ ಬರುವ 1ನೇ ತಾರೀಖಿನಿಂದ ಇರುವುದಿಲ್ಲ. ಅಂದಿನಿಂದಲೇ ಮಂಗಳವಾರ ಮತ್ತು ಶುಕ್ರವಾರ ಸಂಜೆ 7ರಿಂದ 9.30ರ ತನಕ ಒಳಗಿನ ಡ್ರೆಸ್ಸಿಂಗ್ ಕೋಣೆ, ಡಾಕ್ಟರು, ನರ್ಸು ಎಲ್ಲ ಕಲಾಸಿಪಾಳ್ಯ, ಸಿಟಿ ಮಾರ್ಕೆಟ್ ಸುತ್ತಿನ ಫುಟ್‌ಪಾತ್ ಮತ್ತು ಅಂಗಡಿ ಜಗಲಿಗಳಲ್ಲಿ ಮಲಗುವವರಿಗೆ ಮೀಸಲು. ಕೌಂಟರ್ ಎಂದಿನಂತೆ ತೆರೆದಿರುತ್ತದೆ. ಆ ಎರಡು ಸಂಜೆ ನಿಮ್ಮ ಬಿಪಿ, ಶುಗರ್ ನೋಡುವುದು, ಇಂಜೆಕ್ಷನ್ ಕೊಡುವುದು ಮಾತ್ರ ಆಗುವುದಿಲ್ಲ. ಅದಕ್ಕೆ ಬೆಳಗ್ಗೆ 8ರಿಂದ 11ರೊಳಗೆ ಬನ್ನಿ. ಖರ್ಚು ಸರಿದೂಗಿಸಲು ಎಂಆರ್‌ಪಿ ಮೇಲಿನ ರಿಯಾಯಿತಿಯನ್ನು ಶೇ. 12ರಿಂದ 10ಕ್ಕೆ ಇಳಿಸಿದ್ದೇವೆ. ಕೆಲವರಿಗೆ ಬೇಸರವಾಗುತ್ತದೆ, ಗೊತ್ತು.

ಸಂಜೆಯೇ ಏಕೆಂದರೆ, ಹಮಾಲಿ ಮಾಡುವವರು, ಚಿಂದಿ ಆಯುವವರು ಹಗಲು ಕ್ಯೂನಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ರಾತ್ರಿ ತಡವಾದರೆ ಮಲಗುವ ಜಾಗ ಇನ್ನೊಬ್ಬರ ಪಾಲು.

ಇನ್ನು ಡಬ್ಬದ ವಿಷಯ. ನೀವು ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಿದ್ದಿರಿ. ಆದರೆ ಕತ್ತರಿಸಿದ ಸ್ಟ್ರಿಪ್‌ನಲ್ಲಿ ಎಕ್ಸ್‌ಪೈರಿ, ಬ್ಯಾಚ್ ನಂಬರ್ ಇದ್ದ ತುದಿ ಎಷ್ಟೋ ಸಲ ಮೊದಲೇ ಹೋಗಿರುತ್ತದೆ. ಒಲೆ ಪಕ್ಕದ ಕಪಾಟಿನಲ್ಲಿ ಇತ್ತೋ, ಕಾರಿನಲ್ಲಿ ಬಿಸಿಲಿಗೆ ಬೆಂದಿತ್ತೋ ಹೇಳುವವರಿಲ್ಲ. ಸೀಲ್ ಒಡೆಯದ ಸ್ಟ್ರಿಪ್ ಆದರೂ ತೊಂದರೆ ಬೇರೆಯೇ ಇದೆ: ಮನೆಯಲ್ಲಿರುವವರಿಗೆ ಬರೆದ ಔಷಧ ಬೀದಿಯಲ್ಲಿರುವವರಿಗೆ ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ನುಂಗಿದ ಮೇಲೆ ಊಟ ಸಿಗದಿದ್ದರೆ ಶುಗರ್ ಕುಸಿಯುತ್ತದೆ. ಬೆವರು, ನಡುಕ, ತೊದಲು ಮಾತು; ನೋಡಿದವರು ಕುಡಿದಿದ್ದಾನೆ ಎಂದು ದಾಟಿಕೊಂಡು ಹೋಗುತ್ತಾರೆ. ಫ್ಯೂರೋಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ, ರಾತ್ರಿ ಶೌಚಾಲಯಕ್ಕೆ ಬೀಗ ಬೀಳುವ ಕಡೆ ಮಲಗುವ ಹೆಂಗಸಿಗೆ ಶಿಕ್ಷೆಯೇ. ಆಕೆ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ, ನಾವು ‘ಔಷಧ ಸರಿಯಾಗಿ ತಗೊಳಲ್ಲ’ ಎಂದು ಚೀಟಿಯಲ್ಲಿ ಬರೆಯುತ್ತೇವೆ! ಆಕೆಗಿರುವುದು ಬರೀ ಬಿಪಿಯೇ ಆಗಿದ್ದರೆ ಅದರ ಬದಲು ದಿನಕ್ಕೊಂದು ಆಮ್ಲೋಡಿಪಿನ್ ಸಾಕಾಗಬಹುದು. ಹಾಗಾಗಿ ಇನ್ನು ಮುಂದೆ ಡಾಕ್ಟರು ಮೊದಲು ಕೇಳುವುದು ಮೂರು ಪ್ರಶ್ನೆ: ಎಲ್ಲಿ ಮಲಗುತ್ತೀರಿ, ಊಟ ಎಷ್ಟು ಹೊತ್ತಿಗೆ, ಶೌಚಕ್ಕೆ ಎಲ್ಲಿ ಹೋಗುತ್ತೀರಿ.

ಔಷಧವನ್ನು ತಿಂಗಳಿಗೆ ಕಟ್ಟಿಕೊಡುವುದಿಲ್ಲ. 10 ಮಾತ್ರೆಯ ಇಡೀ ಸ್ಟ್ರಿಪ್, 10 ದಿನಕ್ಕೆ. ಗಂಟುಮೂಟೆ ಕಳುವಾದರೂ ಮಳೆಯಲ್ಲಿ ನೆನೆದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ, ಸ್ಟ್ರಿಪ್ ಕತ್ತರಿಸುವ ಕೆಲಸವೂ ಇಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ದಾರ ಕಟ್ಟಿ ಕೊಡುತ್ತೇವೆ.

ಹೆಚ್ಚು ಹೊತ್ತು ಹಿಡಿಯುವ ಕೆಲಸ ಪಾದದ್ದು. ವಾರಗಟ್ಟಲೆ ತೆಗೆಯದ ಕಾಲುಚೀಲ ಗಾಯಕ್ಕೆ ಅಂಟಿರುತ್ತದೆ. ಎಳೆದರೆ ಹೊಸ ಚರ್ಮವೂ ಜೊತೆಗೇ ಕಿತ್ತು ಬರುತ್ತದೆ. ಶೇ. 0.9ರ ನಾರ್ಮಲ್ ಸಲೈನ್ (ಉಪ್ಪುನೀರು) ಸುರಿದು ಹತ್ತು ನಿಮಿಷ ಕಾದರೆ ತಾನಾಗಿ ಸಡಿಲವಾಗುತ್ತದೆ. ಕಾಲು ತೊಳೆಯುವ ನೀರಿನ ಬಿಸಿಯನ್ನು ನರ್ಸ್ ತಮ್ಮ ಮೊಣಕೈ ಅದ್ದಿ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಸತ್ತ ಪಾದಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಟಬ್‌ಗೆ ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ಹಾಳೆ, ಹೊಸ ನೀರು. ಬೆರಳಿನ ಸಂದು ಒರೆಸಿ ಒಣಗಿಸದಿದ್ದರೆ ಮಾಡಿದ್ದೆಲ್ಲ ದಂಡ. ಗಾಯದಲ್ಲಿ ಹುಳು ಬಿದ್ದಿದ್ದರೆ ಟರ್ಪೆಂಟೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಇಡುತ್ತೇವೆ. ಅವು ಮೇಲೆ ಬಂದಾಗ ಚಿಮಟದಿಂದ ತೆಗೆಯುವುದು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಆಳದಲ್ಲಿರುವವು ಉಳಿದುಕೊಳ್ಳುತ್ತವೆ, ಮತ್ತೆ ನೋಡಲೇಬೇಕು. ಯಾರೂ ಅದಕ್ಕೆ ಫಿನಾಯಿಲ್, ಪೆಟ್ರೋಲ್ ಹಾಕಬಾರದು. ಗಾಯಕ್ಕೆ ನೇರವಾಗಿ ಹತ್ತಿಯೂ ಬೇಡ, ಎಳೆ ಅಂಟಿಕೊಳ್ಳುತ್ತದೆ. ಮೊದಲು ಪ್ಯಾರಾಫಿನ್ ಜಿಡ್ಡು ಸವರಿದ ಗಾಜ್, ಮೇಲೆ ಒಣ ಗಾಜ್, ಆಮೇಲೆ ಬೆರಳ ಕಡೆಯಿಂದ ಮೇಲಕ್ಕೆ ಬ್ಯಾಂಡೇಜ್. ಕಟ್ಟಿದ ಮೇಲೆ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು, ಇಲ್ಲದಿದ್ದರೆ ಬಿಗಿಯಾಗಿದೆ. ಚರ್ಮ ಕಪ್ಪಾಗಿದ್ದರೆ, ಜ್ವರವಿದ್ದರೆ, ಕೆಂಪು ಮೇಲಕ್ಕೆ ಹತ್ತುತ್ತಿದ್ದರೆ ಅದು ನಮ್ಮ ಕೋಣೆಯ ಕೆಲಸವಲ್ಲ. ಅವತ್ತೇ ರಾತ್ರಿ ಆಸ್ಪತ್ರೆಗೆ, ಜೊತೆಗೆ ಒಬ್ಬರನ್ನು ಕಳಿಸುತ್ತೇವೆ.

ನಾಯಿ ಕಚ್ಚಿದವರಿಗೆ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ತೊಳೆಯುವುದು, ನಂತರ ಸರ್ಕಾರಿ ಆಸ್ಪತ್ರೆ. ಅಲ್ಲಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ. ಕೊನೆಯದು ತಪ್ಪುವುದೇ ಹೆಚ್ಚು. ಆದ್ದರಿಂದ ಕಾರ್ಡಿನಲ್ಲಿ ತಾರೀಖಿನ ಜೊತೆ ವಾರದ ಹೆಸರನ್ನೂ ಬರೆಯುತ್ತೇವೆ.

ಆಧಾರ್ ಕೇಳುವುದಿಲ್ಲ. ಹೇಳಿದ ಹೆಸರು, ಮಲಗುವ ಜಾಗದ ಗುರುತು ಸಾಕು. ತುರ್ತು ಚಿಕಿತ್ಸೆಯನ್ನು ಯಾವ ಡಾಕ್ಟರೂ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮನೆಯಿಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ.

‘ಕುಡಿದು ಬಂದವರನ್ನೂ ಒಳಗೆ ಬಿಡುತ್ತೀರಾ?’ ಬಿಡುತ್ತೇವೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್, ಮೂರು-ನಾಲ್ಕನೇ ದಿನಕ್ಕೆ ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ‘ಬಿಟ್ಟು ಬಾ, ಆಮೇಲೆ ನೋಡ್ತೀವಿ’ ಎನ್ನುವುದು ಚಿಕಿತ್ಸೆಯಲ್ಲ.

ಆ ಎರಡು ಸಂಜೆ ಕೌಂಟರ್‌ಗೆ ಬರುವವರಲ್ಲಿ ಒಂದು ಕೋರಿಕೆ. ನಮ್ಮ ಸಿಬ್ಬಂದಿ ಬೀದಿಯಲ್ಲಿ ಮಲಗುವವರನ್ನು ಹೆಸರು ಹಿಡಿದು, ‘ಬನ್ನಿ, ಕೂತ್ಕೊಳ್ಳಿ’ ಎಂದೇ ಮಾತಾಡಿಸುತ್ತಾರೆ. ‘ಏಯ್, ಆ ಕಡೆ ಹೋಗೋ’ ಎಂಬ ಮಾತು ಬೆಂಚಿನ ಈ ತುದಿಯಿಂದಲೂ ಬರದಿರಲಿ. ಫೋಟೊ ತೆಗೆಯಬೇಡಿ.

ಕೊಡಬೇಕೆನಿಸಿದರೆ: ಹೊಸ ಹತ್ತಿ ಕಾಲುಚೀಲ, ಹಿಂದೆ ಪಟ್ಟಿ ಇರುವ ಚಪ್ಪಲಿ (ಬ್ಯಾಂಡೇಜ್ ಹಿಡಿಸಲು ಒಂದು ಸೈಜ್ ದೊಡ್ಡದು), ನೇಲ್ ಕಟರ್, ಚಿಕ್ಕ ಸೋಪು, ಸೀಲ್ ಇರುವ ಓಆರ್‌ಎಸ್. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಸಿಂಕಿಗೆ ಸುರಿಯಬೇಡಿ. ಬೇರೆಯಾಗಿ ಕಾಗದದಲ್ಲಿ ಸುತ್ತಿ, ‘ಹಳೇ ಔಷಧ’ ಎಂದು ಬರೆದು ಕಸದವರಿಗೆ ಕೊಡಿ. ಡಬ್ಬದಲ್ಲಿ ಈಗಾಗಲೇ ಬಿದ್ದಿರುವುದನ್ನು ನಾವೇ ವಿಲೇವಾರಿ ಮಾಡುತ್ತೇವೆ.

ಇತಿ,
ಸಹಕಾರಿ ಔಷಧ ಮಳಿಗೆಯ ಆಡಳಿತ ಮಂಡಳಿ ಮತ್ತು ಸಿಬ್ಬಂದಿ