ಮೂರನೇ ಪಿನ್ನಿನ ವಿಷಯ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಇಬ್ಬರೂ ಅದೇ ಮಾತಿಗೆ ನಿಲ್ಲುತ್ತಿದ್ದೆವು. ಬರೆದು ಕಳಿಸಿದರೆ ಪೂರ್ತಿ ಓದುತ್ತೀಯ ಅಂತ ಈ ಕಾಗದ.

"ಅಪ್ಪ, ನನ್ನ ಸಂಬಳದಲ್ಲಿ ಎಲೆಕ್ಟ್ರಿಕ್ ಗಿಟಾರ್ ತಗೋತಿದೀನಿ" ಅಂದೆ ನೀನು. "ನಿನ್ನ ರೂಮಿನ ಪ್ಲಗ್ ಪಾಯಿಂಟಿಗೆ ಅರ್ತ್ ಇದೆಯಾ?" ಅಂದೆ ನಾನು. "ಖುಷಿ ವಿಷಯ ಹೇಳಿದ್ರೂ ನಿಂಗೆ ವೈರೇ ಕಾಣುತ್ತಲ್ಲಪ್ಪ" ಅಂತ ಕಟ್ ಮಾಡಿದೆ.

ಖುಷಿ ಆಗಿದೆ ಕಣೇ. ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ಮನೆಗೂ ಕಳಿಸಿ, ರೂಮ್ ಬಾಡಿಗೆಯನ್ನೂ ಕಟ್ಟಿ, ಮೇಲೆ ಮೂವತ್ತು ಸಾವಿರ ಉಳಿಸಿದ್ದೀಯ. ಅಮ್ಮ ಬೀದಿಯಲ್ಲಿ ಎಲ್ಲರಿಗೂ ಹೇಳಿ ಆಯಿತು. ಈ ಮಾತು ಫೋನಿನಲ್ಲೇ ಮೊದಲು ಬರಬೇಕಿತ್ತು. ಬೇಸರ ಮಾಡ್ಕೋಬೇಡ.

ಆದರೆ ಅರ್ತ್ ವಿಷಯ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿನ ವಿಷಯ, ಬಿಡಲ್ಲ. ಯಾಕೆ ಅಂತ ಪೂರ್ತಿ ಹೇಳುತ್ತೇನೆ. ಈ ಕತೆ ನಿನಗೆ ಅರ್ಧ ಗೊತ್ತು.

ಆಗ ನಾನಿನ್ನೂ ಸ್ವಂತ ಮೈಕ್ ಸೆಟ್ ಇಟ್ಟಿರಲಿಲ್ಲ. ಬೇರೆಯವರ ಜೊತೆ ವೈರ್ ಎಳೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಗಣಪತಿ ಹಬ್ಬದ ಆರ್ಕೆಸ್ಟ್ರಾ, ಶಾಲೆ ಮೈದಾನ. ಸಂಜೆ ಮಳೆ ಹೊಡೆದು ಬಿಟ್ಟಿತ್ತು. ವೇದಿಕೆ ಮೇಲೆ ಹಾಸಿದ್ದ ಜಮಖಾನ ಒದ್ದೆ. ನಮ್ಮ ಮೈಕಿನ ಆಂಪ್ಲಿಫೈಯರ್ ಜನರೇಟರಿನಲ್ಲಿ ಓಡುತ್ತಿತ್ತು. ಗಿಟಾರಿನ ಹುಡುಗ ಮಾತ್ರ ತನ್ನ ಆಂಪನ್ನು ಶಾಲೆಯ ಕೋಣೆಯಿಂದ ಎಳೆದ ವೈರಿಗೆ ಹಾಕಿಕೊಂಡಿದ್ದ. ಆ ಬೋರ್ಡಿನಲ್ಲಿ ಇದ್ದದ್ದು ಎರಡೇ ತೂತು. ಅದಕ್ಕೆ ಅವನ ಪ್ಲಗ್ಗಿನ ದಪ್ಪ ಮೂರನೇ ಪಿನ್ನನ್ನು, ಅಂದರೆ ಅರ್ತ್ ಪಿನ್ನನ್ನು, ಯಾರೋ ಮುರಿದು ಹಾಕಿದ್ದರು.

ಮೊದಲ ಹಾಡಿಗೆ ಅವನದು ಬರೀ ಗಿಟಾರ್. ಏನೂ ಆಗಲಿಲ್ಲ. ಮುಂದಿನ ಹಾಡಿಗೆ ಅವನೂ ದನಿ ಸೇರಿಸಬೇಕಿತ್ತು. ಮೈಕಿನ ಹತ್ತಿರ ಬಾಗಿದ. ತುಟಿ ಜಾಲರಿಗೆ ತಾಗಿತು. ಸ್ಪೀಕರ್ ಜೋರಾಗಿ ಗುಂಯ್ ಅಂತು, ಹುಡುಗ ಸೆಟೆದು ನಿಂತುಬಿಟ್ಟ. ಜನ ಅದೂ ಒಂದು ಸ್ಟೈಲ್ ಅಂದುಕೊಂಡು ಶಿಳ್ಳೆ ಹಾಕಿದರು. ಎಡಗೈ ತಂತಿಯನ್ನು ಹಿಡಿದದ್ದು ಹಿಡಿದೇ ಇತ್ತು. ಬಿಡುವುದಕ್ಕೆ ಆಗುವುದಿಲ್ಲ ಪುಟ್ಟಿ. ಕರೆಂಟ್ ಹರಿಯುವಾಗ ಬೆರಳಿನ ನರ, ಮಾಂಸ ಎಲ್ಲ ತಾನಾಗಿ ಬಿಗಿದುಕೊಳ್ಳುತ್ತದೆ. ಮನಸ್ಸು ಬಿಡು ಅಂದರೂ ಕೈ ಕೇಳುವುದಿಲ್ಲ. ನಾನು ಶಾಲೆ ಕೋಣೆಗೆ ಓಡಿ ವೈರನ್ನೇ ಕಿತ್ತೆ. ಅವನು ಗಿಟಾರಿನ ಸಮೇತ ಬಿದ್ದ.

ಬದುಕಿದ. ಈಗಲೂ ಸಂತೆಯಲ್ಲಿ ಸಿಗುತ್ತಾನೆ. ಎಡಗೈ ಬೆರಳುಗಳ ಮೇಲೆ ತಂತಿ ಸುಟ್ಟ ಗೆರೆ ಸಣ್ಣಗೆ, ಬೆಳ್ಳಗೆ ಇವತ್ತಿಗೂ ಇದೆ.

ಗಿಟಾರಿನಲ್ಲಿ ಕರೆಂಟೇ ಇರಲ್ಲ, ಶಾಕ್ ಎಲ್ಲಿಂದ ಬರುತ್ತೆ ಅಂತ ನೀನು ಕೇಳಬಹುದು. ಗಿಟಾರಿನ ಹಿಂದಿನ ಪ್ಲೇಟ್ ಬಿಚ್ಚಿದರೆ ಒಂದು ತೆಳು ವೈರ್ ಕಾಣುತ್ತದೆ. ಅದು ತಂತಿ ಕೂರುವ ಬ್ರಿಜ್ಜಿನಿಂದ ಕೇಬಲ್ ಚುಚ್ಚುವ ಜ್ಯಾಕಿಗೆ ಹೋಗುತ್ತದೆ. ಅಲ್ಲಿಂದ ಕೇಬಲ್ಲಿನ ಹೊರಜಾಲಿಯ ಮೂಲಕ ಆಂಪಿನ ಲೋಹದ ಮೈಗೆ ಸೇರುತ್ತದೆ. ಅಂದರೆ ನೀನು ತಂತಿ ಹಿಡಿದೆ ಅಂದರೆ ಆಂಪಿನ ಮೈಯನ್ನೇ ಹಿಡಿದ ಹಾಗೆ. ಬೇಕಂತಲೇ ಹಾಗೆ ಮಾಡಿರುತ್ತಾರೆ. ತಂತಿ ಮುಟ್ಟಿದ ಕೂಡಲೇ ಗುಂಯ್ ಅನ್ನುವ ಸದ್ದು ಕಡಿಮೆ ಆಗುವುದು ಅದರಿಂದಲೇ. ಅರ್ತ್ ಸರಿ ಇದ್ದರೆ ಇದು ಒಳ್ಳೆಯದು. ಅರ್ತ್ ಇಲ್ಲದೆ, ಒಳಗೆ ಎಲ್ಲೋ ಫೇಸ್ ವೈರ್ ಮೈಗೆ ತಾಗಿದರೆ ಅದೇ ದಾರಿಯಲ್ಲಿ 230 ವೋಲ್ಟ್ ನಿನ್ನ ಬೆರಳಿಗೆ ಬರುತ್ತದೆ. ಆಗ ಇನ್ನೊಂದು ಕೈ ಮೈಕಿಗೋ ನಲ್ಲಿಗೋ ತಾಗಿದರೆ ಕರೆಂಟು ಎದೆಯ ಮೂಲಕ ದಾಟುತ್ತದೆ.

ಇದು ನಮ್ಮ ಹಳ್ಳಿ ವೇದಿಕೆಯ ಕತೆ ಮಾತ್ರ ಅಲ್ಲ. ಸ್ಟೋನ್ ದ ಕ್ರೋಸ್ ಅಂತ ಒಂದು ಬ್ಯಾಂಡ್ ಇತ್ತು. ಅದರ ಗಿಟಾರಿಸ್ಟ್ ಲೆಸ್ ಹಾರ್ವಿ 1972ರಲ್ಲಿ ವೇಲ್ಸಿನ ಸ್ವಾನ್ಸಿ ಊರಿನಲ್ಲಿ, ಅರ್ತ್ ಸರಿ ಇಲ್ಲದ ಮೈಕ್ ಮುಟ್ಟಿ ಸ್ಟೇಜಿನ ಮೇಲೇ ಹೋದ. ಯಾರ್ಡ್‌ಬರ್ಡ್ಸ್ ಬ್ಯಾಂಡಿನಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ಸತ್ತದ್ದು ಸ್ವಂತ ಮನೆಯಲ್ಲಿ, ಗಿಟಾರ್ ನುಡಿಸುತ್ತಾ. ಮನೆಯಲ್ಲಿ! ಮಳೆಯಿಲ್ಲ, ಜನರೇಟರ್ ಇಲ್ಲ. ನಿನ್ನ ಪಿಜಿ ಎಷ್ಟು ಹಳೇ ಕಟ್ಟಡ ಅಂತ ಬಂದಾಗ ನೋಡಿದ್ದೇನೆ. ಗೀಸರ್ ಪಾಯಿಂಟಿನಲ್ಲಿ ಮೂರು ತೂತು ಇದ್ದವು. ಮೂರನೆಯದರ ಹಿಂದೆ ವೈರ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು.

ಸರಿ, ಈಗ ಗಿಟಾರಿಗೆ ಬರುತ್ತೇನೆ. ನೀನು ಕೇಳಬೇಕೆಂದಿದ್ದೂ ಅದೇ ಅಲ್ವಾ.

ಮೂವತ್ತು ಸಾವಿರವನ್ನೂ ಗಿಟಾರಿಗೇ ಸುರಿಯಬೇಡ. ಗಿಟಾರಿಗೆ 18ರಿಂದ 20 ಸಾವಿರ, ಆಂಪಿಗೆ 7–8 ಸಾವಿರ ಇಟ್ಟುಕೋ. ಉಳಿದದ್ದು ಕೇಬಲ್, ಬೆಲ್ಟ್, ಒಂದು ಜೊತೆ ಹೆಚ್ಚಿನ ತಂತಿ, ಮತ್ತೆ ಸೆಟಪ್ (ತಂತಿಯ ಎತ್ತರ ಎಲ್ಲ ಹೊಂದಿಸುವುದು) ಮಾಡಿಸುವುದಕ್ಕೆ ಬೇಕು. ಗಿಟಾರ್, ಆಂಪ್, ಕೇಬಲ್ ಎಲ್ಲ ಸೇರಿ ಒಂದೇ ಡಬ್ಬದಲ್ಲಿ ಬರುವ ಅಗ್ಗದ ಕಿಟ್ ಬೇಡ. ಅದರ ಆಂಪಿನಿಂದ ಬರುವುದು ಡಬ್ಬದ ಸದ್ದು. ಕಲಿಯುವವರಿಗೆ ತಮ್ಮ ಕೈಯೇ ಸರಿ ಇಲ್ಲ ಅನ್ನಿಸಿಬಿಡುತ್ತದೆ.

ಯಮಹಾ ಪೆಸಿಫಿಕಾ 012, ಸ್ಕ್ವಯರ್ ಸಾನಿಕ್, ಐಬನೆಜ್ ಗಿಯೊ, ಕೋರ್ಟ್ ಕಂಪನಿಯ ಕಡಿಮೆ ಬೆಲೆಯವು. ಬೆಲೆ ಏರಿಳಿಯುತ್ತಾ ಇರುತ್ತದೆ, ಆದರೂ ನಿನ್ನ ಲೆಕ್ಕದ ಹತ್ತಿರಕ್ಕೆ ಬರುವುದು ಇವೇ. ನನ್ನನ್ನು ಕೇಳಿದರೆ ಪೆಸಿಫಿಕಾ. ಅದರಲ್ಲಿ ತಂತಿಯ ಅಲುಗಾಟವನ್ನು ಹಿಡಿಯುವ ಪಿಕಪ್ ಮೂರು. ಬ್ರಿಜ್ಜಿನ ಕಡೆಯದು ಹಂಬಕರ್, ಇನ್ನೆರಡು ಒಂದೇ ಸುರುಳಿಯ ಸಿಂಗಲ್ ಕಾಯಿಲ್. ನಿನಗೆ ಯಾವ ಬಗೆಯ ಸಂಗೀತ ಒಗ್ಗುತ್ತದೆ ಅಂತ ಇನ್ನೂ ಗೊತ್ತಿಲ್ಲ, ಹಾಗಾಗಿ ಎರಡೂ ಇರಲಿ. ಸಿಂಗಲ್ ಕಾಯಿಲ್ ದನಿ ಚೊಕ್ಕ, ಆದರೆ ಗೋಡೆಯೊಳಗಿನ ಕರೆಂಟಿನ ಹಮ್ (ಗುಂಯ್ ಅನ್ನುವ ಸದ್ದು) ಅನ್ನೂ ಹಿಡಿಯುತ್ತದೆ. ಹಂಬಕರಿನಲ್ಲಿ ಎರಡು ಸುರುಳಿ ಇರುತ್ತವೆ. ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ, ಆಯಸ್ಕಾಂತವೂ ಉಲ್ಟಾ. ಹೊರಗಿನ ಹಮ್ ಎರಡರಲ್ಲೂ ಎದುರುಬದುರಾಗಿ ಬಂದು ಕಳೆದುಹೋಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ನಮ್ಮ ಮೈಕಿನ ಮೂರು ಪಿನ್ ಕೇಬಲ್ಲಿನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಇದನ್ನು ಓದಿದ ದಿನ ನನಗೆ ಎಷ್ಟು ಖುಷಿ ಆಯಿತು ಗೊತ್ತಾ.

ಫ್ಲಾಯ್ಡ್ ರೋಸ್ ಅನ್ನುವ, ತಂತಿಗೆ ಬೀಗ ಹಾಕಿ ಸ್ಪ್ರಿಂಗಿನ ಮೇಲೆ ತೇಲುವ ಬ್ರಿಜ್ ಇರುವುದು ಮಾತ್ರ ಬೇಡ. ನೋಡೋಕೆ ಚೆಂದ. ಒಂದು ತಂತಿ ಬದಲಾಯಿಸಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ನೀನು ಕಲಿಯುವ ಹೊತ್ತೆಲ್ಲ ಶ್ರುತಿ ಮಾಡುವುದರಲ್ಲೇ ಹೋಗುತ್ತದೆ.

ಅಂಗಡಿಯಲ್ಲಿ ಹುಡುಗರು ಜೋರಾಗಿ ಡಿಸ್ಟಾರ್ಷನ್ (ದನಿಯನ್ನು ಒರಟಾಗಿ ಒಡೆಯುವುದು) ಹಾಕಿ ನುಡಿಸಿ ತೋರಿಸುತ್ತಾರೆ. ಅದರಲ್ಲಿ ಎಲ್ಲ ದೋಷವೂ ಮುಚ್ಚಿಹೋಗುತ್ತದೆ. ಅದಿಲ್ಲದ ಕ್ಲೀನ್ ಚಾನೆಲ್‌ಗೆ ಹಾಕಿಸು. ಆರೂ ತಂತಿಯನ್ನು ಒಂದೊಂದು ಫ್ರೆಟ್ಟಿನಲ್ಲೂ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಮೀಟು. ಎಲ್ಲಾದರೂ ಜರ್ ಅಂದರೆ ಹೇಳು. ಫ್ರೆಟ್ ಬೋರ್ಡಿನ ಅಂಚಿನ ಮೇಲೆ ಬೆರಳು ಎಳೆ. ಮರ ಒಣಗಿ ಕುಗ್ಗಿದ್ದರೆ ಫ್ರೆಟ್ಟಿನ ತುದಿ ಹೊರಗೆ ಬಂದು ಚರ್ಮಕ್ಕೆ ತಾಗುತ್ತದೆ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ ನೋಡು. ಸುಮಾರು 2 ಮಿಲಿಮೀಟರ್ ಇದ್ದರೆ ಸಾಕು. ಜಾಸ್ತಿ ಇದ್ದರೆ ಬೆರಳು ನೋಯುತ್ತದೆ, ಆದರೆ ಅದು ಸೆಟಪ್‌ನಲ್ಲಿ ಸರಿ ಹೋಗುತ್ತದೆ, ಗಿಟಾರ್ ಬಿಡುವ ಕಾರಣ ಅಲ್ಲ. ಜ್ಯಾಕಿನಲ್ಲಿ ಕೇಬಲ್ ಅಲ್ಲಾಡಿಸಿ, ವಾಲ್ಯೂಮ್ ತಿರುವಿ, ಕರಕರ ಅನ್ನುತ್ತದಾ ಕೇಳು.

ಮರದ ಬಗ್ಗೆ ಒಂದು ಮಾತು. ಗಿಟಾರಿನ ಗಾಢ ಬಣ್ಣದ ಫ್ರೆಟ್ ಬೋರ್ಡಿಗೆ ಲೋಕದಲ್ಲೆಲ್ಲ ಹೆಚ್ಚಾಗಿ ಬಳಸುತ್ತಿದ್ದುದು ರೋಸ್‌ವುಡ್. ಅದರಲ್ಲಿ ಒಳ್ಳೆಯ ಪಾಲು ನಮ್ಮ ಬೀಟೆ. 2017ರಲ್ಲಿ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಕಂಪನಿಗಳು ಬೇರೆ ಮರಕ್ಕೆ ಹೋಗಿಯಾಗಿತ್ತು. ಈಗ ಸ್ಕ್ವಯರ್‌ನಂಥ ಗಿಟಾರುಗಳಲ್ಲಿ ಇಂಡಿಯನ್ ಲಾರೆಲ್ ಅಂತ ಬರೆದಿರುತ್ತಾರಲ್ಲ, ಅದು ಬೇರೇನೂ ಅಲ್ಲ, ಮತ್ತಿ. ನಮ್ಮ ತೋಟದ ಅಂಚಿನಲ್ಲಿ ಮೊಸಳೆ ಚರ್ಮದ ಹಾಗೆ ತೊಗಟೆ ಬಿರಿದು ನಿಂತಿರುವ ಅದೇ ಮತ್ತಿ. ಅಂಗಡಿಯವನು "ರೋಸ್‌ವುಡ್ ಅಲ್ಲ, ಅದಕ್ಕೇ ಅಗ್ಗ" ಅಂದರೆ ತಲೆ ಕೆಡಿಸ್ಕೋಬೇಡ. ಮತ್ತಿ ಗಟ್ಟಿ ಮರ.

ಇಎಂಐ ಮಾತು ಎತ್ತಿದ್ದೆಯಲ್ಲ, ಅರವತ್ತು ಸಾವಿರದ ಗಿಟಾರಿಗೆ. ಬೇಡ. ದುಡ್ಡಿಗೋಸ್ಕರ ಮಾತ್ರ ಹೇಳುತ್ತಿಲ್ಲ. ಸಾಲ ಮಾಡಿ ತಂದ ವಾದ್ಯ ಮೂಲೆಯಲ್ಲಿ ಕೂತಿದ್ದರೆ ನುಡಿಸದ ದಿನವೆಲ್ಲ ಚುಚ್ಚುತ್ತದೆ. ಸಾಲ ಇಲ್ಲದಿದ್ದರೆ ಮೂರು ದಿನ ಬಿಟ್ಟರೂ ನಾಲ್ಕನೇ ದಿನ ಹಗುರಾಗಿ ಎತ್ತಿಕೊಳ್ಳುತ್ತೀಯ. ದನಿ ಬದಲಿಸುವ ಪೆಡಲ್‌ಗಳನ್ನೂ ಈಗಲೇ ತಗೋಬೇಡ. ಯೂಟ್ಯೂಬಿನಲ್ಲಿ ಪೆಡಲ್ ನೋಡುತ್ತಾ ಕೂರುವುದು ಅಭ್ಯಾಸ ಅಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ನಿಧಾನವಾಗಿ, ಲಯ ಕೊಡುವ ಮೆಟ್ರೊನೋಮ್ ಇಟ್ಟುಕೊಂಡು. ರಾತ್ರಿ ಹನ್ನೊಂದರ ಮೇಲೆ ಬೇಡ, ನಿದ್ದೆ ಕೆಡಿಸ್ಕೋಬೇಡ, ಮೊದಲೇ ಕಣ್ಣು ಉರಿ ಅನ್ನುತ್ತೀಯ. ಸಾಕು, ಉಪದೇಶ ಶುರುವಾಯಿತು.

ಆಂಪ್ ವಿಷಯಕ್ಕೆ ಬಾ. ವ್ಯಾಟ್ ನೋಡಿ ಮೋಸ ಹೋಗಬೇಡ. 10 ವ್ಯಾಟ್ ಬಿಟ್ಟು 20 ವ್ಯಾಟ್ ತಗೊಂಡರೆ ಹೆಚ್ಚಾಗುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಸ್ವಲ್ಪ ಜೋರು ಅನ್ನಿಸುತ್ತದೆ, ಎರಡರಷ್ಟು ಅಲ್ಲ. ಪಿಜಿ ರೂಮಿಗೆ 10 ವ್ಯಾಟೇ ಜಾಸ್ತಿ. ಹೆಡ್‌ಫೋನ್ ಹಾಕುವ ಜಾಗ ಇರಲೇಬೇಕು. ಅದಿಲ್ಲದಿದ್ದರೆ ಪಕ್ಕದ ರೂಮಿನವರು ವಾರದೊಳಗೆ ಓನರ್ ಹತ್ತಿರ ಹೋಗುತ್ತಾರೆ. ದುಡ್ಡು ಉಳಿಸೋಕೆ ಹೋಮ್ ಥಿಯೇಟರಿಗೆ ನೇರವಾಗಿ ಚುಚ್ಚುವ ಯೋಚನೆ ಬೇಡ. ಗಿಟಾರಿನ ಪಿಕಪ್ಪಿಗೆ ಗಿಟಾರ್ ಆಂಪಿನಂಥ ಹೈ ಇಂಪೆಡೆನ್ಸ್ ಇನ್‌ಪುಟ್ಟೇ (ಪಿಕಪ್ಪಿನ ಸಣ್ಣ ಸಿಗ್ನಲ್ಲನ್ನು ಕುಗ್ಗಿಸದಂಥದು) ಬೇಕು. ಹೋಮ್ ಥಿಯೇಟರಿನಲ್ಲಿ ಅದು ಇರಲ್ಲ, ದನಿ ಮಂಕಾಗುತ್ತದೆ.

ನನಗೆ ಸಮಾಧಾನ ಕೊಡುವುದು ಬ್ಯಾಟರಿಯಲ್ಲಿ ಓಡುವ ಆಂಪ್. ಬಾಸ್ (Boss) ಕಂಪನಿಯ ಕಟಾನಾ ಮಿನಿ ಅಂತ ಇದೆ. 7 ವ್ಯಾಟ್, 4 ಇಂಚಿನ ಸ್ಪೀಕರ್, ಆರು ಪೆನ್ಸಿಲ್ ಸೆಲ್. ಅದಕ್ಕಾಗಿ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಗಿಟಾರಿನಲ್ಲಿ ಅಷ್ಟು ಕಡಿಮೆ ಮಾಡು. ಸೆಲ್‌ನಲ್ಲಿ ಓಡುವಾಗ ಗೋಡೆಗೂ ನಿನ್ನ ಬೆರಳಿಗೂ ಸಂಬಂಧವೇ ಇಲ್ಲ. ರೀಚಾರ್ಜ್ ಆಗುವ ಸೆಲ್ ತಗೋ, ನುಡಿಸುವಾಗ ಚಾರ್ಜರಿನಿಂದ ತೆಗೆದು ಆಂಪಿಗೆ ಹಾಕು.

ಇಲ್ಲ, ಗೋಡೆಗೆ ಹಾಕುವ ಆಂಪೇ ಇಷ್ಟವಾಯಿತು ಅಂದರೆ ತಗೋ. ಬೇಡ ಅನ್ನಲ್ಲ. ಆದರೆ ಮೂರನೇ ಪಿನ್ ಮುರಿಯಬಾರದು, ಮೂರರಿಂದ ಎರಡಕ್ಕೆ ಇಳಿಸುವ ಕನ್ವರ್ಟರ್ ಹಾಕಬಾರದು. ಹಮ್ ಜಾಸ್ತಿ ಬಂದರೆ ಅರ್ತ್ ತೆಗೆದುಬಿಡು ಅಂತ ಸಲಹೆ ಕೊಡುವವರು ಸಿಗುತ್ತಾರೆ, ಆ ಮಾತು ಕೇಳಲೇಬೇಡ. ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ ಫೇಸ್ ಇದೆ ಅಂತ ಮಾತ್ರ ಅರ್ಥ, ಅರ್ತ್ ಇದೆ ಅಂತಲ್ಲ. ಮೀಟರಿನಲ್ಲಿ ಫೇಸಿಗೂ ಅರ್ತಿಗೂ 230ರ ಹತ್ತಿರ ತೋರಿಸಬೇಕು, ನ್ಯೂಟ್ರಲಿಗೂ ಅರ್ತಿಗೂ ಒಂದೆರಡು ವೋಲ್ಟ್. ಅಷ್ಟು ತೋರಿಸಿದರೂ ಪೂರ್ತಿ ನಂಬಬಾರದು. ತುಕ್ಕು ಹಿಡಿದು ಎಳೆಯಷ್ಟು ಉಳಿದ ಅರ್ತ್ ವೈರೂ ಮೀಟರಿಗೆ ಸರಿಯಾಗೇ ತೋರಿಸುತ್ತದೆ. ಲೋಡ್ ಹಾಕಿ ನೋಡಬೇಕು. ಅದನ್ನು ನೀನು ಮಾಡಬೇಡ, ಎಲೆಕ್ಟ್ರಿಷಿಯನ್ ಮಾಡಲಿ. ಉಪ್ಪು ಇದ್ದಿಲು ಹಾಕಿದ ಅರ್ತ್ ಗುಂಡಿ ಕಟ್ಟಡಕ್ಕೆ ಎಲ್ಲಿದೆ, ಬೇಸಿಗೆಯಲ್ಲಿ ನೀರು ಹಾಕುತ್ತಾರಾ ಅಂತಲೂ ಓನರ್ ಹತ್ತಿರ ಕೇಳು. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಾ ನೋಡಿಸು. ಆ ಹುಡುಗನ ವೇದಿಕೆಗೆ ಅದೊಂದು ಇದ್ದಿದ್ದರೆ ತುಟಿ ತಾಗಿದ ಕ್ಷಣಕ್ಕೇ ಕರೆಂಟು ಹೋಗುತ್ತಿತ್ತು. ನಾನು ಓಡಬೇಕಿರಲಿಲ್ಲ.

ಒದ್ದೆ ಕಾಲಿನಲ್ಲಿ ನುಡಿಸಬೇಡ. ಸ್ನಾನ ಮಾಡಿ ಬಂದ ಕೂಡಲೇ ಬೇಡ. ಗೆಳೆಯರ ಜೊತೆ ಸೇರಿ ಹಾಡುವ ದಿನ ಬಂದೇ ಬರುತ್ತದೆ. ಆಗ ಮೈಕನ್ನೂ ಆಂಪನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ. ಹಾಡುವಾಗ ಮೈಕಿಗೆ ತುಟಿ ತಾಗಿಸಬೇಡ. ಮೈಕಿನ ಮೇಲೆ ಹಾಕುವ ಫೋಮ್ ಟೋಪಿ ಇದ್ದರೆ ಹಾಕು.

ಗಿಟಾರಿನ ದುಡ್ಡು ನಿನ್ನದು, ಅದಕ್ಕೆ ನಾನು ಒಂದು ರೂಪಾಯಿ ಸೇರಿಸಲ್ಲ. ನಿನ್ನದೇ ಆಗಿ ಇರಲಿ. ಯಾವುದು ತಗೋಬೇಕು ಅನ್ನುವುದೂ ಕೊನೆಗೆ ನಿನ್ನ ಕೈಗೆ ಒಪ್ಪಿದ್ದು. ಆದರೆ ಎಲೆಕ್ಟ್ರಿಷಿಯನ್ ದುಡ್ಡು ನನ್ನದು. ಶನಿವಾರ ಅಂಗಡಿಗೆ ಹೋಗುವ ಮೊದಲೇ ಅವರನ್ನು ಕರೆಸು. ಅವರು ಬಂದಾಗ ಫೋನ್ ಮಾಡಿ ಅವರ ಕೈಗೆ ಕೊಡು, ನಾನೇ ಮಾತಾಡುತ್ತೇನೆ. ಎಷ್ಟಾಯಿತು ಅಂತ ಮೆಸೇಜ್ ಹಾಕು, ಅವತ್ತೇ ಕಳಿಸುತ್ತೇನೆ.

ನಿನ್ನ
ಅಪ್ಪ